‘ಎಲ್‌ಕೆ-99’ ಕಲ್ಲಿನಲ್ಲಿ ಕರೆಂಟ್ ನಷ್ಟವಿಲ್ಲದೆ ಹರಿಯುತ್ತದೆಯೇ?

ಅಯಸ್ಕಾಂತದ ಮೇಲೆ ಅರ್ಧ ಎದ್ದು ನಿಲ್ಲುವ ಕಪ್ಪು ಚೂರಿನ ವಿಡಿಯೋ ನಿಮಗೂ ಬಂದಿರಬಹುದು. ಅದು ‘ಎಲ್‌ಕೆ-99’. ಸಾಮಾನ್ಯ ಉಷ್ಣತೆಯಲ್ಲೇ ಇದರಲ್ಲಿ ಕರೆಂಟ್ ಒಂಚೂರೂ ನಷ್ಟವಾಗದು ಎಂದು 2023ರ ಜುಲೈನಲ್ಲಿ ದಕ್ಷಿಣ ಕೊರಿಯಾದ ಸಂಶೋಧಕರು ಹೇಳಿದ್ದರು.

ಅದು ನಿಜವಲ್ಲ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ತಾನೂ ತಯಾರಿಸಿ ನೋಡಿತು, ಅಂಥ ಗುಣ ಕಾಣಲಿಲ್ಲ. ಜರ್ಮನಿಯ ಸ್ಟುಟ್‌ಗಾರ್ಟ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಕಲಬೆರಕೆಯಿಲ್ಲದ ಹರಳು ಬೆಳೆಸಿದರೆ ಸಿಕ್ಕಿದ್ದು ನೇರಳೆ ಬಣ್ಣದ, ಪಾರದರ್ಶಕವಾದ ಅವಾಹಕ. ರೋಧ ಲಕ್ಷಾಂತರ ಓಮ್! ಮೊದಲಿನ ಚೂರುಗಳಲ್ಲಿ ರೋಧ ದಿಢೀರನೆ ಇಳಿದಿದ್ದು ಒಳಗೆ ಸೇರಿಕೊಂಡಿದ್ದ ತಾಮ್ರದ ಸಲ್ಫೈಡ್‌ನಿಂದ.

ನಮಗೆ ಕುತೂಹಲ ಹುಟ್ಟಿಸಿದ್ದು ಬೇರೆ ವಿಷಯ. ಆರಂಭದ ಕಂಪ್ಯೂಟರ್ ಲೆಕ್ಕಗಳು ಇದು ಲೋಹದಂತೆ ಇರಬೇಕು ಎಂದಿದ್ದವು. ಹಾಗಾದರೆ ಕರೆಂಟ್ ನಿಂತಿದ್ದೇಕೆ?

ದಾಬಸ್‌ಪೇಟೆಯಿಂದ ನೆಲಮಂಗಲಕ್ಕೆ ಹೊರಟ ಬಸ್ಸನ್ನು ಊಹಿಸಿಕೊಳ್ಳಿ. ಎಲ್ಲವೂ ಇಬ್ಬರು ಕೂರುವ ಸೀಟು, ಒಂದೊಂದರಲ್ಲೂ ಒಬ್ಬರೇ ಇದ್ದಾರೆ. ಅರ್ಧ ಬಸ್ಸು ಖಾಲಿ, ಜಾಗ ಬದಲಿಸುವುದು ಸುಲಭ ಅನ್ನಿಸುತ್ತದೆ. ಆದರೆ ಎದ್ದವರು ಇನ್ನೊಬ್ಬರ ಪಕ್ಕದಲ್ಲೇ ಕೂರಬೇಕು. ಪಕ್ಕದಲ್ಲಿ ಯಾರಿದ್ದರೂ ಆಗದು ಎನ್ನುವವರೇ ಎಲ್ಲರೂ ಆದರೆ? ಯಾರೂ ಏಳುವುದಿಲ್ಲ. (ಕಿಟಕಿ ಸೀಟು ಸಿಕ್ಕವರಂತೂ ಮೊದಲೇ ಏಳುವುದಿಲ್ಲ, ಆ ಮಾತು ಬೇರೆ.) ಎಲೆಕ್ಟ್ರಾನ್‌ಗಳೂ ಒಂದನ್ನೊಂದು ತಳ್ಳುತ್ತವೆ. ತಳ್ಳಾಟ ಜೋರಾಗಿದ್ದರೆ ಪ್ರತಿಯೊಂದೂ ತನ್ನ ಪರಮಾಣುವಿನಲ್ಲೇ ಉಳಿದುಬಿಡುತ್ತದೆ. ಇದೇ ‘ಮಾಟ್ ಅವಾಹಕ’. ನಿಕಲ್ ಆಕ್ಸೈಡ್ ಹಳೆಯ ಉದಾಹರಣೆ. ಎಲ್‌ಕೆ-99 ಕೂಡ ಇಂಥದ್ದೇ ಇರಬಹುದು ಎಂದು ನಂತರದ ಲೆಕ್ಕಗಳು ಸೂಚಿಸಿದವು.

ಕುಳಿತಲ್ಲೇ ಕುಳಿತರೂ ಎಲೆಕ್ಟ್ರಾನ್‌ಗಳಿಗೆ ನೆಮ್ಮದಿಯಿಲ್ಲ. ಪ್ರತಿಯೊಂದಕ್ಕೂ ಸ್ಪಿನ್ ಎಂಬ ಪುಟ್ಟ ಅಯಸ್ಕಾಂತದ ಗುಣವಿದೆ. ಪಕ್ಕದ್ದು ಮೇಲೆ ಮುಖ ಮಾಡಿದರೆ ಇದು ಸಾಮಾನ್ಯವಾಗಿ ಕೆಳಗೆ ಮುಖ ಮಾಡಬಯಸುತ್ತದೆ. ಚದುರಂಗದ ಮಣೆಯಂಥ ಚೌಕ ಜೋಡಣೆಯಲ್ಲಿ ತೊಂದರೆಯಿಲ್ಲ, ಕಪ್ಪು-ಬಿಳುಪಿನಂತೆ ಹೊಂದಿಕೊಳ್ಳುತ್ತವೆ. ತ್ರಿಕೋನದಲ್ಲಿ? ಎರಡು ಹೊಂದಿಕೊಂಡರೂ ಮೂರನೆಯದು ಇಬ್ಬರಿಗೂ ವಿರುದ್ಧವಾಗಿರಲು ಸಾಧ್ಯವೇ ಇಲ್ಲ. ವಿಜ್ಞಾನಿಗಳು ಇದನ್ನೂ ‘ಫ್ರಸ್ಟ್ರೇಷನ್’ ಎಂದೇ ಕರೆಯುತ್ತಾರೆ! ಇಂಥ ಜೋಡಣೆಯಲ್ಲಿ ಸ್ಪಿನ್‌ಗಳು ಎಷ್ಟು ತಣ್ಣಗಾದರೂ ಒಂದು ಕ್ರಮಕ್ಕೆ ಬಾರದೆ ದ್ರವದಂತೆ ಉಳಿಯಬಹುದು ಎಂದು ಫಿಲಿಪ್ ಆಂಡರ್ಸನ್ 1973ರಲ್ಲಿ ಸೂಚಿಸಿದರು. ಎಲ್‌ಕೆ-99ರ ಲೆಕ್ಕಗಳಲ್ಲೂ ತಾಮ್ರದ ಪರಮಾಣುಗಳು ತ್ರಿಕೋನ ಬಲೆಯಲ್ಲೇ ಕೂತಿವೆ.

ಬಸ್ಸಿನಿಂದ ಕೆಲವರು ಇಳಿದರೆ ಪೂರ್ತಿ ಖಾಲಿ ಸೀಟು ಸಿಗುತ್ತದೆ, ಓಡಾಟ ಶುರುವಾಗುತ್ತದೆ. ತಾಮ್ರದ ಆಕ್ಸೈಡ್‌ಗಳಲ್ಲಿ ಹೀಗೆ ಮಾಡಿದಾಗ ನಿಜವಾದ ಸೂಪರ್‌ಕಂಡಕ್ಟರ್‌ಗಳು ಸಿಕ್ಕಿವೆ. 1987ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವೂ ಅಂಥದ್ದನ್ನು ತಯಾರಿಸಿತ್ತು. ಆದರೆ ಈ ಆಕ್ಸೈಡ್‌ಗಳಲ್ಲಿ ಅತ್ಯುತ್ತಮವಾದದ್ದಕ್ಕೂ ಸಾಮಾನ್ಯ ಒತ್ತಡದಲ್ಲಿ ಮೈನಸ್ 140 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಚಳಿ ಬೇಕು.