ಗಾಡಿ ಓಡದಿದ್ರೂ ಬ್ರೇಕ್ ಆಯಿಲ್‌ಗೆ ವಯಸ್ಸಾಗುತ್ತೆ

ಹೋದ ಎಪಿಸೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳೋವಾಗ ಲೋನ್ ಲೆಕ್ಕ ಹೇಗೆ ಹಾಕೋದು ಅಂತ ಮಾತಾಡಿದ್ವಿ. ಅದಾದ ಮೇಲೆ ಒಬ್ಬ ಕೇಳುಗರು ವಾಯ್ಸ್ ನೋಟ್ ಕಳಿಸಿದ್ರು: "ಅಕ್ಕ, ನನ್ನ ಕಾರು ವರ್ಷಕ್ಕೆ ನಾಲ್ಕು ಸಾವಿರ ಕಿಲೋಮೀಟರ್ ಓಡಿದ್ರೆ ಹೆಚ್ಚು. ಸರ್ವಿಸ್‌ನವರು ಬ್ರೇಕ್ ಆಯಿಲ್ ಬದಲಾಯಿಸ್ಬೇಕು ಅಂತಿದ್ದಾರೆ. ಓಡೇ ಇಲ್ದಿರೋ ಗಾಡಿಗೆ ಅದ್ಯಾಕೆ? ದುಡ್ಡು ಕೀಳೋಕೆ ಹೇಳ್ತಿದ್ದಾರಾ?"

ಎರಡು ವರ್ಷದ ಹಿಂದೆ ಕೇಳಿದ್ರೆ ನಾನೂ "ಹೌದು, ಕೀಳ್ತಿದ್ದಾರೆ" ಅಂತ ಹೇಳಿಬಿಡ್ತಿದ್ದೆ. ಓದಿದ್ದು ಬಿ.ಕಾಂ., ಗಾಡಿ ಬಗ್ಗೆ ನನಗೆ ಗೊತ್ತಿದ್ದದ್ದು ಪೆಟ್ರೋಲ್ ಹಾಕ್ಸೋದು, ಇನ್ಶೂರೆನ್ಸ್ ಕಟ್ಟೋದು ಅಷ್ಟೇ. ಈಗ ಹಾಗೆ ಹೇಳಲ್ಲ. ಕಾರಣ ಚಾರ್ಮಾಡಿ ಘಾಟಿ.

ಅಪ್ಪನ ಕಾರು ಅದು. ಆಗ ಅದಕ್ಕೆ ಏಳು ವರ್ಷ, ಓಡಿದ್ದು ಬರೀ 31 ಸಾವಿರ ಕಿಲೋಮೀಟರ್. ವಾರಕ್ಕೊಂದು ಸಲ ತೊಳೆದು, ಕವರ್ ಹಾಕಿ ಇಡೋ ಗಾಡಿ. ಅಕ್ಟೋಬರ್‌ನಲ್ಲಿ ಧರ್ಮಸ್ಥಳಕ್ಕೆ ಹೊರಟ್ವಿ. ಅಪ್ಪ, ಅಮ್ಮ, ಅಜ್ಜಿ, ತಮ್ಮ, ನಾನು. ಹಾಸನ, ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಘಾಟಿ ಇಳಿಯೋಕೆ ಶುರು ಮಾಡಿದ್ವಿ. ಸ್ಟೇರಿಂಗ್ ನನ್ನ ಕೈಲಿತ್ತು.

ನಾನು ಮಾಡಿದ ತಪ್ಪು ಮೊದಲು ಹೇಳ್ತೀನಿ. ಥರ್ಡ್ ಗೇರ್‌ನಲ್ಲಿ ಇಟ್ಟು, ಇಡೀ ಇಳಿಜಾರು ಬ್ರೇಕ್ ಮೇಲೆ ಕಾಲಿಟ್ಟೇ ಇಳಿಸ್ತಿದ್ದೆ. ಮುಂದೆ ಒಂದು ಟೆಂಪೋ ನಿಧಾನಕ್ಕೆ ಹೋಗ್ತಿತ್ತು. ಸ್ವಲ್ಪ ಹೊತ್ತಿಗೆ ಏನೋ ಸುಟ್ಟ ವಾಸನೆ. ಒಂದು ತಿರುವಿನ ಹತ್ತಿರ ಬ್ರೇಕ್ ತುಳಿದೆ. ಪೆಡಲ್ ಮೆತ್ತಗೆ, ಸ್ಪಂಜ್ ಒತ್ತಿದ ಹಾಗೆ, ಕೆಳಗಿನವರೆಗೂ ಹೋಯ್ತು. ಗಾಡಿ ನಿಲ್ಲಲಿಲ್ಲ.

ಅಪ್ಪ ಪಕ್ಕದಿಂದ "ಸೆಕೆಂಡ್‌ಗೆ ಹಾಕು ಪುಟ್ಟಿ, ಬ್ರೇಕ್ ಬಿಟ್ಟು ಬಿಟ್ಟು ತುಳಿ" ಅಂತ ಕೂಗಿದ್ರು. ನಾಲ್ಕೈದು ಸಲ ತುಳಿದ ಮೇಲೆ ಸ್ವಲ್ಪ ಹಿಡೀತು. ಹ್ಯಾಂಡ್‌ಬ್ರೇಕ್ ನಿಧಾನಕ್ಕೆ ಎಳೆದು ಎಡಕ್ಕೆ ನಿಲ್ಲಿಸಿದೆ. ಇಳಿದಾಗ ನನ್ನ ಕಾಲು ನಡುಗ್ತಿತ್ತು. ಅಜ್ಜಿ ಮಂಜುನಾಥನ ಹೆಸರು ಹೇಳ್ತಾನೇ ಇದ್ರು.

ಮುಕ್ಕಾಲು ಗಂಟೆ ಕಾದ್ವಿ. ಆಮೇಲೆ ಪೆಡಲ್ ತುಳಿದು ನೋಡಿದ್ರೆ ಮೊದಲಿನ ಹಾಗೇ ಗಟ್ಟಿಯಾಗಿದೆ! ಸೆಕೆಂಡ್ ಗೇರ್‌ನಲ್ಲೇ ಉಜಿರೆ ತನಕ ಬಂದು ಒಂದು ಗ್ಯಾರೇಜ್‌ಗೆ ಹೋದ್ವಿ. ಹುಡುಗ ಒಂದು ರೌಂಡ್ ಓಡಿಸ್ಕೊಂಡು ಬಂದು "ಏನಿಲ್ಲ, ಬ್ರೇಕ್ ಲಾಯ್ಕ್ ಉಂಟು" ಅಂದ. ಅಲ್ಲಿದ್ದ ವಯಸ್ಸಾದ ಮೆಕ್ಯಾನಿಕ್ ಮಾತ್ರ ಬಾನೆಟ್ ಎತ್ತಿ, ಸಣ್ಣ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ತೆಗೆದು ಅಪ್ಪನ್ನ ಕೇಳಿದ್ರು: "ಇದು ಯಾವಾಗ ಚೇಂಜ್ ಮಾಡಿದ್ದು ಮಾರಾಯ್ರೆ?"

ಅಪ್ಪ "ಪ್ರತಿ ವರ್ಷ ಸರ್ವಿಸ್ ಮಾಡಿಸ್ತೀನಿ" ಅಂದ್ರು. ಅದು ನಿಜ. ಮನೆಗೆ ಬಂದು ನಾನು ಅಪ್ಪನ ಬಿಲ್ ಫೈಲ್ ತೆಗೆದೆ. ಬಿಲ್ ಓದೋದು ನನಗೆ ಬರೋ ಕೆಲಸ. ಏಳು ಬಿಲ್. ಮೂರರಲ್ಲಿ "ಬ್ರೇಕ್ ಆಯಿಲ್ ಟಾಪ್ ಅಪ್" ಅಂತಿದೆ. "ರಿಪ್ಲೇಸ್" ಅಂತ ಒಂದರಲ್ಲೂ ಇಲ್ಲ. ಏಳು ವರ್ಷ ಒಂದೇ ಆಯಿಲ್.

ಹಾಗಾದ್ರೆ ಘಾಟಿಯಲ್ಲಿ ಆಗಿದ್ದೇನು?

ಬ್ರೇಕ್ ಆಯಿಲ್ ಅಂತ ನಾವೆಲ್ಲ ಕರೆದ್ರೂ ಅದು ಎಂಜಿನ್ ಆಯಿಲ್ ಥರದ ಎಣ್ಣೆ ಅಲ್ಲ. ಗ್ಲೈಕಾಲ್ ಜಾತಿಯ ದ್ರವ. ಅದರ ಕೆಲಸ ಜಾರಿಸೋದಲ್ಲ, ಒತ್ತಡ ಸಾಗಿಸೋದು. ಒಂದು ಸಿರಿಂಜ್‌ಗೆ ಪೂರ್ತಿ ನೀರು ತುಂಬಿ, ತುದಿಯನ್ನ ಬೆರಳಲ್ಲಿ ಮುಚ್ಚಿ ಒತ್ತಿ ನೋಡಿ. ಅಲ್ಲಾಡಲ್ಲ. ಒಳಗೆ ಗಾಳಿ ಇಟ್ಟು ಒತ್ತಿದ್ರೆ ಒಳಗೆ ಹೋಗುತ್ತೆ. ಬ್ರೇಕ್ ಕೂಡ ಅಷ್ಟೇ. ನೀವು ಪೆಡಲ್ ತುಳಿದ ಬಲ ಈ ದ್ರವದ ಮೂಲಕ ಚಕ್ರದ ಹತ್ತಿರ ಇರೋ ಪ್ಯಾಡ್‌ಗೆ ತಲುಪುತ್ತೆ. ಮಧ್ಯದಲ್ಲಿ ಗಾಳಿಯೋ ಆವಿಯೋ ಸೇರಿದ್ರೆ ನಿಮ್ಮ ಬಲ ಎಲ್ಲ ಅದನ್ನ ಹಿಂಡೋಕೇ ಖರ್ಚಾಗುತ್ತೆ.

ಈ ದ್ರವಕ್ಕೆ ಒಂದು ಸ್ವಭಾವ ಇದೆ. ಗಾಳಿಯಲ್ಲಿರೋ ತೇವ ಹೀರ್ಕೊಳ್ಳುತ್ತೆ. ಮಳೆಗಾಲದಲ್ಲಿ ಡಬ್ಬಿ ಮುಚ್ಚಳ ಸಡಿಲ ಇದ್ರೆ ಹಪ್ಪಳ ಮೆತ್ತಗಾಗಲ್ವಾ, ನೀವು ತಿಂದ್ರೂ ತಿನ್ನದಿದ್ರೂ? ಹಾಗೆ. ರಬ್ಬರ್ ಪೈಪ್‌ಗಳ ಮೂಲಕ, ಡಬ್ಬಿಯ ಮುಚ್ಚಳದಲ್ಲಿರೋ ಗಾಳಿ ಕಿಂಡಿಯ ಮೂಲಕ ತೇವ ನಿಧಾನಕ್ಕೆ ಒಳಗೆ ಸೇರ್ತಾನೇ ಇರುತ್ತೆ. ಗಾಡಿ ಶೆಡ್‌ನಲ್ಲಿ ನಿಂತಿದ್ರೂ ಸೇರುತ್ತೆ. ಕಾಮರ್ಸ್ ಓದಿದವರಿಗೆ ಇದು ಬೇಗ ಅರ್ಥ ಆಗುತ್ತೆ: ಮೆಷಿನ್ ಬಳಸಿದ್ರೂ ಬಳಸದಿದ್ರೂ ವರ್ಷದ ಕೊನೆಗೆ ಸವಕಳಿ ಬರೀತೀವಲ್ಲ, ಬ್ರೇಕ್ ಆಯಿಲ್‌ನ ಸವಕಳಿ ಕೂಡ ಕ್ಯಾಲೆಂಡರ್ ನೋಡಿ ಲೆಕ್ಕ ಹಾಕೋದು.

ತೇವ ಸೇರಿದ್ರೆ ಏನಾಗುತ್ತೆ? ಕುದಿಯೋ ಬಿಂದು ಇಳಿಯುತ್ತೆ. ಡಬ್ಬಿ ಮೇಲೆ ಡಾಟ್ 3, ಡಾಟ್ 4 ಅಂತ ಬರೆದಿರುತ್ತಲ್ಲ, ಅದು ಈ ಲೆಕ್ಕವೇ. ಡಾಟ್ 3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ಶೇ 3.7ರಷ್ಟು ನೀರು ಸೇರಿದಾಗ ಆ ಮಿತಿ 140ಕ್ಕೆ ಇಳಿಯುತ್ತೆ. ಡಾಟ್ 4ಕ್ಕೆ 230ರಿಂದ 155ಕ್ಕೆ. ಡಾಟ್ 5.1ಕ್ಕೆ 260ರಿಂದ 180ಕ್ಕೆ. ನೂರರಲ್ಲಿ ನಾಲ್ಕು ಭಾಗಕ್ಕಿಂತ ಕಡಿಮೆ ನೀರಿಗೆ ಇಷ್ಟು ನಷ್ಟ.

ಊರೊಳಗೆ ಓಡಿಸೋವಾಗ ಇದು ಗೊತ್ತೇ ಆಗಲ್ಲ, ಯಾಕಂದ್ರೆ ಬ್ರೇಕ್ ಅಷ್ಟು ಬಿಸಿ ಆಗಲ್ಲ. ಘಾಟಿ ಬೇರೆ. ಜನ, ಲಗೇಜ್ ಸೇರಿ 1,200 ಕೆ.ಜಿ. ಇರೋ ಕಾರು 500 ಮೀಟರ್ ಎತ್ತರದಿಂದ ಬರೀ ಬ್ರೇಕ್ ಹಿಡಿದೇ ಇಳಿದ್ರೆ ಹುಟ್ಟೋ ಶಾಖದಲ್ಲಿ 18 ಲೀಟರ್ ತಣ್ಣೀರನ್ನ ಕುದಿಯೋ ಮಟ್ಟಕ್ಕೆ ತರಬಹುದು. ಒಂದು ದೊಡ್ಡ ಕೊಡದಷ್ಟು ನೀರು! ಆ ಶಾಖವೆಲ್ಲ ಡಿಸ್ಕ್, ಪ್ಯಾಡ್, ಡ್ರಮ್ ಮೇಲೆ ಬೀಳುತ್ತೆ, ಅಲ್ಲಿಂದ ದ್ರವಕ್ಕೂ ಹೋಗುತ್ತೆ. ಹಳೇ ದ್ರವ ಕುದಿಯುತ್ತೆ, ಆವಿ ಆಗುತ್ತೆ, ಪೆಡಲ್ ಕೆಳಗೆ ಹೋಗುತ್ತೆ. ತಣ್ಣಗಾದ ಮೇಲೆ ಆವಿ ಮತ್ತೆ ದ್ರವ ಆಗಿ, ಬ್ರೇಕ್ ಸರಿಯಾಗೇ ಇದೆ ಅನ್ಸುತ್ತೆ. ಉಜಿರೆಯ ಹುಡುಗ ಸುಳ್ಳು ಹೇಳಿರಲಿಲ್ಲ. ಅವನು ಓಡಿಸಿದಾಗ ಬ್ರೇಕ್ ನಿಜಕ್ಕೂ ಚೆನ್ನಾಗಿತ್ತು.

ಸರಿ, ಎಷ್ಟು ದಿನಕ್ಕೊಮ್ಮೆ ಬದಲಾಯಿಸ್ಬೇಕು?

ಮೊದಲ ಉತ್ತರ ನಿಮ್ಮ ಗ್ಲೋವ್ ಬಾಕ್ಸ್‌ನಲ್ಲಿರೋ ಓನರ್ಸ್ ಮ್ಯಾನ್ಯುಯಲ್. ತುಂಬಾ ಕಾರುಗಳಿಗೆ 2 ವರ್ಷ ಅಥವಾ 40 ಸಾವಿರ ಕಿಲೋಮೀಟರ್, ಯಾವುದು ಮೊದಲೋ ಅದು. ಕೆಲವಕ್ಕೆ 3 ವರ್ಷ ಅಂತ ಇರುತ್ತೆ. ನಾವು ಓದೋವಾಗ ಕಿಲೋಮೀಟರ್ ಮಾತ್ರ ನೋಡ್ತೀವಿ, "ಯಾವುದು ಮೊದಲೋ ಅದು" ಅನ್ನೋದನ್ನ ಬಿಟ್ಟುಬಿಡ್ತೀವಿ. ಮ್ಯಾನ್ಯುಯಲ್ ಇಲ್ಲ ಅಂದ್ರೆ 2 ವರ್ಷ ಅಂತ ಇಟ್ಕೊಳ್ಳಿ. ಕರಾವಳಿ, ಮಲೆನಾಡಿನಲ್ಲಿ ಇರೋರು, ಘಾಟಿ ಹೆಚ್ಚು ಹತ್ತಿ ಇಳಿಯೋರು ವರ್ಷಕ್ಕೊಮ್ಮೆ ಟೆಸ್ಟ್ ಮಾಡಿಸಿ. ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡಿದ್ದು ಬಿಲ್ ಇಲ್ಲ ಅಂದ್ರೆ ಏನೂ ಯೋಚಿಸದೆ ಒಮ್ಮೆ ಬದಲಾಯಿಸಿಬಿಡಿ.

ಎಲೆಕ್ಟ್ರಿಕ್ ಕಾರಿನಲ್ಲಿ ಮೋಟಾರೇ ಅರ್ಧ ಬ್ರೇಕ್ ಕೆಲಸ ಮಾಡುತ್ತೆ, ನಿಜ. ಆದ್ರೆ ಅದರಲ್ಲೂ ಇದೇ ದ್ರವ ಇರುತ್ತೆ, ಅದೂ ತೇವ ಹೀರುತ್ತೆ. ಡಿಸ್ಕ್ ಬ್ರೇಕ್ ಇರೋ ಬೈಕ್‌ಗೂ ಅಷ್ಟೇ. ಹ್ಯಾಂಡಲ್ ಮೇಲಿರೋ ಸಣ್ಣ ಡಬ್ಬಿ ಅದೇ.

ಗ್ಯಾರೇಜ್‌ನಲ್ಲಿ ಗಮನಿಸ್ಬೇಕಾದ್ದು:

ಟಾಪ್ ಅಪ್ ಬೇರೆ, ರಿಪ್ಲೇಸ್ ಬೇರೆ. ಹಳೇ ಸಾಂಬಾರಿಗೆ ಒಂದು ಸೌಟು ಹೊಸದು ಹಾಕಿದ್ರೆ ಹಳಸಿದ್ದು ಸರಿಹೋಗಲ್ಲ. ಮಟ್ಟ ಇಳಿದಿದ್ರೆ ಪ್ಯಾಡ್ ಸವೆದಿರಬಹುದು ಅಥವಾ ಎಲ್ಲೋ ಸೋರ್ತಿರಬಹುದು. ಅದನ್ನ ನೋಡದೆ ಬರೀ ತುಂಬಿಸೋದು ತಪ್ಪು. ಡ್ಯಾಶ್‌ಬೋರ್ಡ್‌ನ ಬ್ರೇಕ್ ಲೈಟ್ ಕೂಡ ಮಟ್ಟ ಇಳಿದಿದ್ರೆ ಹೇಳುತ್ತೆ, ಆಯಿಲ್ ಹಳೇದಾಗಿದ್ರೆ ಹೇಳಲ್ಲ.

ಬಣ್ಣ ನೋಡಿ ತೀರ್ಮಾನ ಬೇಡ. ಕಪ್ಪಾಗಿದ್ರೆ ಖಂಡಿತ ಬದಲಾಯಿಸಿ, ಆದ್ರೆ ತಿಳಿಯಾಗಿ ಕಾಣೋದ್ರಲ್ಲೂ ನೀರು ಇರಬಹುದು. ಪೆನ್ ಥರದ ಟೆಸ್ಟರ್ ಒಂದು ಅಂದಾಜು ಕೊಡುತ್ತೆ.

ನಿಮ್ಮ ಮುಂದೆ ಸೀಲ್ ಒಡೆದ ಡಬ್ಬಿಯನ್ನೇ ಹಾಕಿಸಿ. ತೆರೆದಿಟ್ಟ ಡಬ್ಬಿ ಆಗಲೇ ತೇವ ಕುಡಿದಿರುತ್ತೆ. ಡಬ್ಬಿಯ ಮುಚ್ಚಳದ ಮೇಲೆ ಯಾವ ಡಾಟ್ ಅಂತ ಬರೆದಿದೆಯೋ ಅದನ್ನೇ ಬಳಸಿ. ಡಾಟ್ 5 ಅನ್ನೋದು ಸಿಲಿಕೋನ್, ಅದನ್ನ ಬೇರೆಯವುಗಳ ಜೊತೆ ಬೆರೆಸಬಾರದು. ಎಂಜಿನ್ ಆಯಿಲ್, ಸ್ಟೇರಿಂಗ್ ಆಯಿಲ್ ಒಂದು ಹನಿಯೂ ಬೀಳಬಾರದು, ರಬ್ಬರ್ ಸೀಲ್‌ಗಳು ಊದಿ ಹಾಳಾಗುತ್ತೆ. ನಾಲ್ಕೂ ಚಕ್ರದಿಂದ ಹಳೇದು ತೆಗೆದು, ಏರ್ ಬಿಡಿಸಿದ್ರೆ ಮಾತ್ರ ಕೆಲಸ ಮುಗಿದ ಹಾಗೆ.

ಖರ್ಚು? ಉಜಿರೆಯಲ್ಲಿ ಅಪ್ಪ ಕೊಟ್ಟಿದ್ದು ಆಯಿಲ್, ಕೂಲಿ ಸೇರಿ 1,100 ರೂಪಾಯಿ. ಎರಡು ವರ್ಷಕ್ಕೆ ಹಂಚಿದ್ರೆ ತಿಂಗಳಿಗೆ ಸುಮಾರು 46 ರೂಪಾಯಿ. ನೀರು ಸೇರಿದ ದ್ರವ ಒಳಗಿನ ಭಾಗಗಳಿಗೆ ತುಕ್ಕನ್ನೂ ಹಿಡಿಸುತ್ತೆ. ಎಬಿಎಸ್ ಯೂನಿಟ್ ಹಾಳಾದ್ರೆ ಬಿಲ್ ಹತ್ತಾರು ಸಾವಿರಕ್ಕೆ ಹೋಗುತ್ತೆ.

ಇನ್ನು ಘಾಟಿ. ಹತ್ತೋಕೆ ಯಾವ ಗೇರ್ ಬೇಕೋ ಇಳಿಯೋಕೂ ಅದೇ ಗೇರ್. ಆಟೋಮ್ಯಾಟಿಕ್ ಆದ್ರೆ ಎಲ್ ಅಥವಾ ಮ್ಯಾನ್ಯುಯಲ್ ಮೋಡ್‌ಗೆ ಹಾಕಿ. ಬ್ರೇಕ್ ತುಳಿದು ವೇಗ ಇಳಿಸಿ, ಬಿಡಿ, ನನ್ನ ಹಾಗೆ ಕಾಲಿಟ್ಟೇ ಇರಬೇಡಿ. ಪೆಡಲ್ ಮೆತ್ತಗಾದ್ರೆ ಬಿಟ್ಟು ಬಿಟ್ಟು ತುಳಿಯಿರಿ, ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಒಮ್ಮೆಲೇ ಜಗ್ಗದೆ ನಿಧಾನಕ್ಕೆ ಎಳೆದು ಪಕ್ಕಕ್ಕೆ ನಿಲ್ಲಿಸಿ. ಬಿಸಿ ಡಿಸ್ಕ್ ಮೇಲೆ ನೀರು ಸುರಿಯಬೇಡಿ. ತಣ್ಣಗಾದ ಮೇಲೆ ಪೆಡಲ್ ಸರಿಹೋಯ್ತು ಅಂತ ಸುಮ್ಮನಾಗಬೇಡಿ, ಸಿಕ್ಕ ಮೊದಲ ಗ್ಯಾರೇಜ್‌ನಲ್ಲಿ ಆಯಿಲ್ ಬದಲಾಯಿಸಿ.

ಈಗ ವಾಯ್ಸ್ ನೋಟ್ ಕಳಿಸಿದ ಗೆಳೆಯರಿಗೆ ಉತ್ತರ. ನಿಮ್ಮ ಹಳೇ ಬಿಲ್ ತೆಗೆದು "ರಿಪ್ಲೇಸ್" ಅನ್ನೋ ಪದ ಹುಡುಕಿ. ಅದು ಸಿಕ್ಕಿ ವರ್ಷ ಕೂಡ ಆಗಿಲ್ಲ ಅಂದ್ರೆ "ಈಗ್ಯಾಕೆ, ಟೆಸ್ಟರ್ ಹಾಕಿ ತೋರಿಸಿ" ಅಂತ ಧೈರ್ಯವಾಗಿ ಕೇಳಿ. ಪ್ರತಿ ಸರ್ವಿಸ್‌ಗೂ ಬದಲಾಯಿಸೋ ಅಗತ್ಯ ಇಲ್ಲ. ಎರಡು ವರ್ಷ ದಾಟಿದ್ರೆ ಮಾತ್ರ ಅವರು ದುಡ್ಡು ಕೀಳ್ತಿಲ್ಲ, ಸರಿಯಾಗೇ ಹೇಳ್ತಿದ್ದಾರೆ.

ನಮ್ಮ ಅಪ್ಪ ಈಗ ಒಂದು ಬಿಳಿ ಟೇಪ್ ಮೇಲೆ ಬದಲಾಯಿಸಿದ ತಿಂಗಳು, ವರ್ಷ ಬರೆದು ಬಾನೆಟ್ ಒಳಗೆ ಅಂಟಿಸಿದ್ದಾರೆ. ನೀವೂ ಅಂಟಿಸಿ. ಈ ವಾರ ನಿಮ್ಮ ಬಿಲ್‌ನಲ್ಲಿ ಏನು ಸಿಕ್ತು ಅಂತ ನನಗೆ ಮೆಸೇಜ್ ಮಾಡಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.