ನೆತ್ತಿ ಯಾಕೆ ಸರಿಯಿತು?

ಪ್ರಶ್ನೆ: ನಮ್ಮ ಮನೆಯ ಮುಂದಿನ ಗೋಡೆ 10 ಅಡಿ, ಹಿಂದಿನದು 8 ಅಡಿ. ಕಂಪ್ಯೂಟರಿನಲ್ಲಿ ಹೆಂಚಿನ ಮಾಡು ಹೊದಿಸಿದರೆ ನೆತ್ತಿ ನಡುವೆ ನಿಲ್ಲದೆ ಮುಂದಕ್ಕೆ ಸರಿಯುತ್ತದೆ. ಯಾಕೆ?
– ಓದುಗರೊಬ್ಬರು, ಕಳ್ಳಂಬೆಳ್ಳ, ಶಿರಾ ತಾಲ್ಲೂಕು

ಉತ್ತರ: ಸಾಫ್ಟ್‌ವೇರ್ ಸರಿಯಾಗಿಯೇ ಲೆಕ್ಕ ಹಾಕಿದೆ. ಮಾಡು ಏಳುವುದು ಗೋಡೆಯ ತಲೆಯಿಂದ; ಎರಡೂ ಕಡೆ ಇಳಿಜಾರು ಒಂದೇ ಆದರೆ ನೆತ್ತಿ ಎತ್ತರದ ಗೋಡೆಯತ್ತ ಸರಿಯಲೇಬೇಕು. ಮನೆಯ ಅಗಲ 20 ಅಡಿ, 2 ಅಡಿಗೆ 1 ಅಡಿ ಏರು ಎಂದುಕೊಳ್ಳಿ. ಮುಂದಿನಿಂದ 8 ಅಡಿ ಬರುವಷ್ಟರಲ್ಲಿ ಮಾಡು 4 ಅಡಿ ಏರಿ 14 ಮುಟ್ಟುತ್ತದೆ. ಹಿಂದಿನಿಂದ 12 ಅಡಿಗೆ 6 ಅಡಿ ಏರಿ ಅದೇ 14ಕ್ಕೆ ಬರುತ್ತದೆ.

ನೆತ್ತಿ ನಡುವೆಯೇ ಬೇಕೆಂದರೆ ಇಳಿಜಾರನ್ನು ಮುಂದೆ 10ಕ್ಕೆ 4, ಹಿಂದೆ 10ಕ್ಕೆ 6 ಎಂದು ಬೇರೆ ಬೇರೆ ಕೊಡಬೇಕು. ಆಗ ಮುಂದಿನ ಇಳಿಜಾರು ಸುಮಾರು 22 ಡಿಗ್ರಿಗೆ ಇಳಿಯುತ್ತದೆ. ಮಂಗಳೂರು ಹೆಂಚಿಗೆ ಅದು ಸಾಲದು, ಗಾಳಿಮಳೆಗೆ ಸಂದಿಯಲ್ಲಿ ನೀರು ನುಗ್ಗುತ್ತದೆ.

ಪಕ್ಕದ ಗೋಡೆಯನ್ನು ಮರೆಯಬೇಡಿ; ಅದರ ತಲೆ ಮಾಡಿನ ಇಳಿಜಾರಿಗೆ ಹೊಂದಬೇಕು. ಮನೆಯ ನಕ್ಷೆ ಬಿಡಿಸುವ ಸ್ವೀಟ್ ಹೋಮ್ ತ್ರೀಡಿ ಸಾಫ್ಟ್‌ವೇರಿನಲ್ಲಿ ಗೋಡೆಯ ಎರಡು ತುದಿಗೂ ಬೇರೆ ಎತ್ತರ ಕೊಡಬಹುದು. ನೆತ್ತಿಯ ಕೆಳಗೆ ಅದನ್ನು ಎರಡು ತುಂಡು ಮಾಡಿ, ಒಂದಕ್ಕೆ 10ರಿಂದ 14, ಇನ್ನೊಂದಕ್ಕೆ 14ರಿಂದ 8 ಕೊಡಿ.

ಹೆಂಚೇ ಹೊದಿಸುವುದಾದರೆ ನೆತ್ತಿ ಸರಿದೇ ಇರಲಿ ಬಿಡಿ.