ಚಿತ್ರದಲ್ಲಿ ಕಂಡ ಚರಿತ್ರೆ

ಮಕ್ಕಳ ಮನಸ್ಸನ್ನು ಮೊದಲು ಪ್ರವೇಶಿಸುವ ಚರಿತ್ರೆಯು ಅಕ್ಷರದ ಚರಿತ್ರೆಯಲ್ಲ, ಚಿತ್ರದ ಚರಿತ್ರೆ. ಎಳವೆಯಲ್ಲಿ ಕಂಡ ಒಂದು ಚಿತ್ರವು ಮುಂದೆ ಓದುವ ನೂರು ಪುಟಗಳಿಗಿಂತ ಗಾಢವಾಗಿ ನೆಲೆನಿಲ್ಲುತ್ತದೆ. ಆದುದರಿಂದ ಮಕ್ಕಳ ಕೈಗೆ ಸಚಿತ್ರ ಗ್ರಂಥವನ್ನು ಕೊಡುವ ತಾಯಿತಂದೆಗಳು ಆ ಚಿತ್ರ ಎಲ್ಲಿಂದ ಬಂತೆಂಬುದನ್ನೂ ಅರಿತಿರುವುದು ಒಳಿತು.

ಈ ಬಗೆಯ ಗ್ರಂಥಗಳಲ್ಲಿ ಫ್ರಾನ್ಸ್ ದೇಶವು ಬಹಳ ಮುಂದುವರಿದುದು. ಅಲ್ಲಿಯ ಕಲಾವಿದ ಬೂತೆ ದ ಮೊಂವೆಲ್ 1896ರಲ್ಲಿ ಮಕ್ಕಳಿಗಾಗಿ ಜೋನ್ ಆಫ್ ಆರ್ಕಳ ಜೀವನವನ್ನು ಚಿತ್ರಿಸಿ ಪ್ರಕಟಿಸಿದನು. ರೈತನ ಮಗಳಾದ ಜೋನ್ 1429ರಲ್ಲಿ ಓರ್ಲಿಯನ್ಸ್ ನಗರದ ಮುತ್ತಿಗೆಯನ್ನು ತೆರವುಗೊಳಿಸಿದ ಸೇನೆಯ ಮುಂದೆ ನಿಂತವಳು. 1431ರ ಮೇ 30ರಂದು ಆಕೆಯನ್ನು ಜೀವಂತವಾಗಿ ಸುಡಲಾಯಿತು. ಇಷ್ಟು ಪ್ರಸಿದ್ಧಳಾದ ಆಕೆಯನ್ನು ಎದುರಿಗೆ ಕಂಡು ಬರೆದ ಒಂದು ಚಿತ್ರವೂ ಉಳಿದಿಲ್ಲ. ಆಕೆ ಬದುಕಿದ್ದಾಗಲೇ ಪ್ಯಾರಿಸಿನ ನ್ಯಾಯಸಭೆಯ ಲೇಖಕನೊಬ್ಬ ತನ್ನ ದಫ್ತರದ ಅಂಚಿನಲ್ಲಿ ಪುಟ್ಟ ರೇಖಾಚಿತ್ರವೊಂದನ್ನು ಗೀಚಿದ್ದುಂಟು. ಆದರೆ ಅವನು ಆಕೆಯನ್ನು ಕಂಡವನಲ್ಲ. ಅವನು ಉದ್ದ ಕೂದಲನ್ನೂ ಸ್ತ್ರೀಯರ ನಿಲುವಂಗಿಯನ್ನೂ ಬರೆದನು. ವಿಚಾರಣೆಯ ದಾಖಲೆಗಳಾದರೋ ಆಕೆ ಕೂದಲನ್ನು ಕತ್ತರಿಸಿ ಗಂಡುಡುಗೆ ತೊಟ್ಟಿದ್ದಳೆಂದು ಹೇಳುತ್ತವೆ.

1959ರಲ್ಲಿ ಗೊಸಿನಿ ಮತ್ತು ಉಡೆರ್ಜೊ ಎಂಬಿಬ್ಬರು ಆರಂಭಿಸಿದ ಆಸ್ಟರಿಕ್ಸ್ ಚಿತ್ರಕಥೆಯು ಜಗತ್ತಿನ ಮಕ್ಕಳನ್ನೆಲ್ಲ ನಗಿಸಿದೆ. ಅದರಲ್ಲಿ ರೋಮನರಿಗೆ ಮಣಿಯದ ಪುಟ್ಟ ಹಳ್ಳಿಯೊಂದಿದೆ. ಅಂತಹ ಹಳ್ಳಿ ಕಲ್ಪನೆಯದು. ಕ್ರಿಸ್ತಪೂರ್ವ 52ರಲ್ಲಿ ಆ ನಾಡಿನ ನಾಯಕ ವರ್ಸಿಂಜೆಟರಿಕ್ಸನು ಸೀಸರನಿಗೆ ಶರಣಾದುದು ಚರಿತ್ರೆ. ಅಲ್ಲಿಯ ಮಕ್ಕಳಿಗೆ ಶಾಲೆಯ ಪಾಠ ಈ ಅಂತರವನ್ನು ತಿಳಿಸುತ್ತದೆ. ನಮ್ಮ ಮಕ್ಕಳಿಗೆ ತಿಳಿಸುವವರು ಮನೆಯವರೇ.

ನಮ್ಮಲ್ಲಿ ಈ ಕೊರತೆಯನ್ನು ತುಂಬಲು ಶ್ರಮಿಸಿದವರು ಅನಂತ ಪೈ. ಅವರು ಮೂಡಬಿದಿರೆಗೆ ಸಮೀಪದ ಕಾರ್ಕಳದಲ್ಲಿ 1929ರಲ್ಲಿ ಜನಿಸಿದವರು. 1967ರಲ್ಲಿ ದೂರದರ್ಶನದ ರಸಪ್ರಶ್ನೆಯೊಂದರಲ್ಲಿ ಗ್ರೀಕ್ ಪುರಾಣಕ್ಕೆ ಸರಿಯುತ್ತರ ಕೊಟ್ಟ ಮಕ್ಕಳು ಶ್ರೀರಾಮನ ತಾಯಿಯ ಹೆಸರನ್ನು ಹೇಳಲಾರದೆ ಹೋದುದನ್ನು ಕಂಡು ಅವರು ಅಮರ ಚಿತ್ರಕಥೆಯ ಕಾರ್ಯಕ್ಕೆ ತೊಡಗಿದರು. 2011ರಲ್ಲಿ ಅವರು ನಿಧನರಾಗುವವರೆಗೆ ಮಕ್ಕಳ ಪಾಲಿಗೆ ಪ್ರೀತಿಯ ‘ಅಂಕಲ್ ಪೈ’ ಆಗಿದ್ದರು.

ಚಿತ್ರಸಹಿತ ಗ್ರಂಥವೆಂಬುದು ಈ ನೆಲಕ್ಕೆ ಹೊಸದೇನೂ ಅಲ್ಲ. ಮೂಡಬಿದಿರೆಯ ಗುರುಬಸದಿಯಲ್ಲಿ ರಕ್ಷಿತವಾಗಿ ಬಂದ ಧವಲಾದಿ ಜೈನಸಿದ್ಧಾಂತ ಗ್ರಂಥಗಳ ತಾಳೆಗರಿಗಳಲ್ಲಿ ತೀರ್ಥಂಕರರನ್ನೂ ಯಕ್ಷಿಯರನ್ನೂ ಭಕ್ತರನ್ನೂ ವರ್ಣಗಳಲ್ಲಿ ಬರೆದಿದ್ದಾರೆ. ಅವು 12ನೆಯ ಶತಮಾನದವು, ಎಂದರೆ ಬಸವಾದಿ ಶರಣರ ಶತಮಾನದವೇ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿಯೂ ತಾಳೆಗರಿ ಗ್ರಂಥಗಳನ್ನು ಕಾಣಬಹುದು.

ಬಂಟ್ವಾಳದ ಬಿ.ಸಿ. ರೋಡಿನ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ಪೋರ್ತುಗೀಸರನ್ನು ಎದುರಿಸಿದ ಅಬ್ಬಕ್ಕನ ಬದುಕನ್ನು ಸಾರುವ ಚಿತ್ರಶಾಲೆಯಿದೆ. ಅಬ್ಬಕ್ಕ ಚೌಟ ಮನೆತನದವಳು. ಆ ಮನೆತನದ ಅರಮನೆ ಮೂಡಬಿದಿರೆಯಲ್ಲಿ ಇಂದಿಗೂ ಇದೆ. ಚಿತ್ರಕಾರರು ಆಕೆಯನ್ನು ಖಡ್ಗಧಾರಿಣಿಯಾಗಿ ಬರೆಯುವುದು ರೂಢಿ. ಇಕ್ಕೇರಿಗೆ ಬಂದಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆಯು 1623ರಲ್ಲಿ ಉಳ್ಳಾಲದ ಚೌಟ ರಾಣಿಯೊಬ್ಬಳನ್ನು ಕಣ್ಣಾರೆ ಕಂಡನು. ಅವನು ಬರೆದಿರುವುದು ಬೇರೆಯೇ ಚಿತ್ರ: ಸಾದಾ ಹತ್ತಿಯ ವಸ್ತ್ರವನ್ನುಟ್ಟು, ಬರಿಗಾಲಿನಲ್ಲಿ ನಡೆಯುತ್ತ, ಕಾಲುವೆ ತೋಡುವ ಕೆಲಸವನ್ನು ನೋಡಲು ಹೊರಟ ರಾಣಿ! ಆಕೆಗೆ ಬೆಂಬಲವಾಗಿ ನಿಂತವನು ನಮ್ಮವನೇ ಆದ ಇಕ್ಕೇರಿಯ ವೆಂಕಟಪ್ಪ ನಾಯಕ. ಈ ಚಿತ್ರದಿಂದ ರಾಣಿಯ ಘನತೆ ಕುಂದಿತೇ? ಪ್ರಜೆಗಳ ಕೆಲಸಕ್ಕಾಗಿ ಮಣ್ಣು ತುಳಿದ ಪಾದಗಳು ಸಿಂಹಾಸನಕ್ಕಿಂತ ದೊಡ್ಡವೆಂದು ಕಾಯಕಧರ್ಮವನ್ನು ಅರಿತ ನಮಗೆ ಬೇರೆ ಹೇಳಬೇಕೆ?

ಇದೇ ವಿವೇಕವನ್ನು ನಮ್ಮ ಮನೆಯ ಗೋಡೆಯ ಪಟಗಳಿಗೂ ಅನ್ವಯಿಸಬೇಕು. ಬಸವಣ್ಣನವರನ್ನು ಒಂದು ಪಟ ಕಿರೀಟ ಧರಿಸಿದ ಮಂತ್ರಿಯಾಗಿಯೂ, ಇನ್ನೊಂದು ಸರಳ ಶರಣರಾಗಿಯೂ ತೋರಿಸುತ್ತದೆ. ಅವರನ್ನು ಕಂಡು ಬರೆದ ಚಿತ್ರ ನಮಗೆ ದೊರೆತಿಲ್ಲ. ದೊರೆತಿರುವುದು ವಚನ. ಫ.ಗು. ಹಳಕಟ್ಟಿಯವರು ತಾಳೆಗರಿಗಳನ್ನು ಊರೂರು ತಿರುಗಿ ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದರು. ಆ ಮಹನೀಯರ ಶ್ರಮದಿಂದ ಉಳಿದ ನುಡಿಗಳೇ ಶರಣರ ನಿಜವಾದ ಮುಖಚಿತ್ರ.

ಹಾಗೆಂದು ಸಚಿತ್ರ ಗ್ರಂಥಗಳನ್ನು ದೂರವಿಡಬೇಕಾಗಿಲ್ಲ. ಫ್ರಾನ್ಸಿನದಾಗಲಿ, ನಮ್ಮದಾಗಲಿ, ಮಕ್ಕಳು ಸಂತೋಷದಿಂದ ಓದಲಿ. ಓದಿದ ಮೇಲೆ ಹಿರಿಯರು ಪಕ್ಕದಲ್ಲಿ ಕುಳಿತು ಮೂರು ಪ್ರಶ್ನೆಗಳನ್ನು ಕೇಳಲಿ: ಇದರಲ್ಲಿ ನಡೆದದ್ದು ಯಾವುದು? ಜನ ನಂಬಿಕೊಂಡು ಬಂದದ್ದು ಯಾವುದು? ಚಿತ್ರಕಾರ ತಾನೇ ಸೇರಿಸಿದ್ದು ಯಾವುದು? ಮಗು ಉತ್ತರ ತಿಳಿಯದಿದ್ದರೆ ಇಬ್ಬರೂ ಕೂಡಿ ಹುಡುಕಲಿ. ಶರಣರ ಕಥೆಯನ್ನು ಚಿತ್ರದಲ್ಲಿ ನೋಡಿದ ದಿನ, ಆ ಶರಣರ ಒಂದು ವಚನವನ್ನು ಮನೆಮಂದಿಯೆಲ್ಲ ಕೂಡಿ ಓದಲಿ. ಆಗ ಚಿತ್ರ ಕಣ್ಣಿಗೂ ವಚನ ಅಂತರಂಗಕ್ಕೂ ಸಲ್ಲುವುದು.